ಸಿಬ್ಬಂದಿಯ ಸುದ್ದಿಪತ್ರ ಕೈಗೆತ್ತಿಕೊಂಡ ಮಗಳಿಗೆ

ಪ್ರೀತಿಯ ಮಗಳೇ,

ದೊಡ್ಡಮ್ಮನ ಆಶೀರ್ವಾದಗಳು. ಕಾಲೇಜಿನ ಬೋಧಕ, ಬೋಧಕೇತರ ಸಿಬ್ಬಂದಿಗೆಲ್ಲ ವಾರವಾರ ಹೋಗುವ ಸುದ್ದಿಪತ್ರದ ಕೆಲಸ ಈ ಸೆಮಿಸ್ಟರ್‌ನಿಂದ ನಿನ್ನ ಪಾಲಿಗೆ ಬಂದಿದೆ ಎಂದು ಬರೆದಿದ್ದೀಯ. ಪಾಠದ ತಯಾರಿಯ ನಡುವೆ ಇದೊಂದು ಗುಮಾಸ್ತೆ ಕೆಲಸ ಎಂದು ಹಗುರಾಗಿ ತೆಗೆದುಕೊಳ್ಳಬೇಡ. ಚಿಕ್ಕ ಕಾಲೇಜಿನಲ್ಲಿ ಸುದ್ದಿ ಹರಡುವುದಕ್ಕೆ ಪತ್ರ ಬೇಕಿಲ್ಲ, ಕಾರಿಡಾರೇ ಸಾಕು. ಆದರೆ ಕಾರಿಡಾರಿನಲ್ಲಿ ಹರಡಿದ ಸುದ್ದಿಗೆ ದಿನಾಂಕ ಇರುವುದಿಲ್ಲ, ಇದ್ದರೂ ಮೂರು ಬಗೆಯಾಗಿರುತ್ತದೆ. ಚಿಕ್ಕ ಕಾಲೇಜಿನಲ್ಲಿ ಒಬ್ಬರೇ ಪರೀಕ್ಷೆಯ ಮೇಲ್ವಿಚಾರಣೆಗೂ ಇರುತ್ತಾರೆ, ಲೈಬ್ರರಿ ಸಮಿತಿಯಲ್ಲೂ ಇರುತ್ತಾರೆ, ಕ್ರೀಡಾಕೂಟಕ್ಕೂ ಓಡಾಡುತ್ತಾರೆ. ಒಂದು ದಿನಾಂಕ ತಪ್ಪಿದರೆ ಮೂರು ಕೆಲಸ ಕೆಡುತ್ತದೆ. ಆದ್ದರಿಂದ ನೀನು ಸಾಧಿಸಬೇಕಾದದ್ದು ಒಂದೇ: ನಿನ್ನ ಪತ್ರದಲ್ಲಿ ಬಂದ ದಿನಾಂಕವನ್ನು ಯಾರೂ ಕಚೇರಿಗೆ ಫೋನ್ ಮಾಡಿ ಮತ್ತೆ ಕೇಳುವಂತಿರಬಾರದು.

ಮೊದಲು ದಿನ ಗೊತ್ತುಮಾಡಿಕೋ. ಪತ್ರ ಸೋಮವಾರ ಬೆಳಿಗ್ಗೆ 9ಕ್ಕೆ ಹೋಗುವುದಾದರೆ, ಸುದ್ದಿ ಕೊಡಲು ಕೊನೆಯ ಗಡುವು ಗುರುವಾರ ಸಂಜೆ 4 ಗಂಟೆ ಆಗಿರಲಿ. ಶುಕ್ರವಾರ ಎಂದು ಇಟ್ಟುಕೊಂಡರೆ ಎಲ್ಲವೂ ಶುಕ್ರವಾರ ಸಂಜೆಯೇ ಬರುತ್ತದೆ. ಅದರಲ್ಲಿ ಕೊಠಡಿ ಸಂಖ್ಯೆ ಬಿಟ್ಟುಹೋಗಿದ್ದರೆ ಕೇಳೋಣವೆಂದರೆ ಕೊಟ್ಟವರು ಮನೆಗೆ ಹೋಗಿರುತ್ತಾರೆ. ಶುಕ್ರವಾರ ಇಡೀ ದಿನ ಖಚಿತಪಡಿಸಿಕೊಳ್ಳುವುದಕ್ಕೆಂದೇ ಇರಬೇಕು. ಗಡುವು ಮೀರಿ ಬಂದದ್ದರಲ್ಲಿ ಪರೀಕ್ಷೆ, ಸಂಬಳ, ಸುರಕ್ಷತೆ ಈ ಮೂರಕ್ಕೆ ಸಂಬಂಧಿಸಿದ್ದು ಮಾತ್ರ ಪ್ರತ್ಯೇಕ ಮೇಲ್ ಆಗಿ ಹೋಗಲಿ. ಉಳಿದದ್ದು ಮುಂದಿನ ವಾರಕ್ಕೆ. ಪ್ರಾಂಶುಪಾಲರ ಕೊಠಡಿಯಿಂದ ಬಂದದ್ದಕ್ಕೂ ಇದೇ ನಿಯಮ. ಒಮ್ಮೆ ಸಡಿಲಿಸಿದರೆ ಎಲ್ಲ ವಿಭಾಗದ ಮುಖ್ಯಸ್ಥರಿಗೂ ಸಡಿಲಿಸಬೇಕಾಗುತ್ತದೆ. ಇದನ್ನು ಮೊದಲ ವಾರವೇ ಪ್ರಾಂಶುಪಾಲರ ಬಳಿ ಮಾತಾಡಿ ಒಪ್ಪಿಸಿಕೋ.

ಸುದ್ದಿಯನ್ನು ವಾಟ್ಸಾಪ್‌ನಲ್ಲಿ, ಮೆಟ್ಟಿಲ ಬಳಿ, ಚೀಟಿಯಲ್ಲಿ ತೆಗೆದುಕೊಳ್ಳಬೇಡ. ಒಂದೇ ಫಾರ್ಮ್ ಇಡು. ಅದರಲ್ಲಿ ಕಾರ್ಯಕ್ರಮದ ಹೆಸರು, ಯಾರಿಗಾಗಿ, ದಿನಾಂಕ, ವಾರ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಜಾಗ, ಜಾಗ ಕಾದಿರಿಸಿದೆಯೇ ಇಲ್ಲವೇ, ಹೆಸರು ನೋಂದಾಯಿಸಬೇಕೇ, ನೋಂದಣಿಗೆ ಕೊನೆಯ ದಿನ, ವಿಚಾರಿಸಬೇಕಾದವರ ಹೆಸರು, ಒಪ್ಪಿಗೆ ಕೊಟ್ಟವರು ಇಷ್ಟಕ್ಕೂ ಬೇರೆ ಬೇರೆ ಖಾನೆ ಇರಲಿ. ಒಂದೇ ದೊಡ್ಡ ಖಾನೆ ಕೊಟ್ಟು ‘ವಿವರ ಬರೆಯಿರಿ’ ಎಂದರೆ ಅತಿಥಿಗಳ ಪರಿಚಯ ಅರ್ಧ ಪುಟ ಬರುತ್ತದೆ, ಮುಗಿಯುವ ಹೊತ್ತು ಬರುವುದಿಲ್ಲ. ಮುಗಿಯುವ ಹೊತ್ತು ಇಲ್ಲದಿದ್ದರೆ ಮಧ್ಯಾಹ್ನ ತರಗತಿ ಇರುವವರು ಬರುವುದೋ ಬೇಡವೋ ಎಂದು ತೀರ್ಮಾನಿಸಲಾರರು, ಕೊನೆಗೆ ಬರುವುದೇ ಇಲ್ಲ.

ಇನ್ನು ದಿನಾಂಕದ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಓದು. ದಿನಾಂಕದ ಜೊತೆಗೆ ವಾರವನ್ನು ಬರೆಯಲೇಬೇಕು, ಅದು ಅಲಂಕಾರಕ್ಕಲ್ಲ. ಎರಡೂ ಹೊಂದದಿದ್ದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. 12 ಮಾರ್ಚ್ 2026 ಗುರುವಾರ. ನಿನಗೆ ಬಂದ ಫಾರ್ಮ್‌ನಲ್ಲಿ ‘12 ಮಾರ್ಚ್ 2026, ಬುಧವಾರ’ ಎಂದಿದ್ದರೆ, ಕಳೆದ ವರ್ಷದ ಸುತ್ತೋಲೆಯನ್ನು ನಕಲು ಮಾಡಿ ಇಸವಿ ಮಾತ್ರ ಬದಲಿಸಿದ್ದಾರೆ ಎಂದು ಊಹಿಸಬಹುದು. 365 ದಿನಕ್ಕೆ 52 ವಾರ ಕಳೆದು ಒಂದು ದಿನ ಉಳಿಯುವುದರಿಂದ, ಅದೇ ತಾರೀಖು ಮುಂದಿನ ವರ್ಷ ವಾರದಲ್ಲಿ ಒಂದು ದಿನ ಮುಂದಕ್ಕೆ ಜರುಗುತ್ತದೆ, ಬುಧವಾರದ್ದು ಗುರುವಾರಕ್ಕೆ ಬರುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ ಜರುಗುತ್ತದೆ. ಹೊಂದದ ದಿನಾಂಕ ಕಂಡಾಗ ಯಾವುದು ಸರಿ ಎಂದು ನೀನೇ ಊಹಿಸಿ ತಿದ್ದಬೇಡ. ಅವರಿಗೆ ಬೇಕಿದ್ದದ್ದು ಆ ತಾರೀಖೋ ಆ ಬುಧವಾರವೋ ಅವರಿಗೇ ಗೊತ್ತು. ಕೇಳು.

ತಿಂಗಳನ್ನು ಅಕ್ಷರದಲ್ಲಿ ಬರೆ. 03/04 ಎಂದರೆ ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. ‘ನಾಳೆ’, ‘ಈ ಶುಕ್ರವಾರ’, ‘ಮುಂದಿನ ವಾರ’ ಎಂಬ ಮಾತು ಪತ್ರದಲ್ಲಿ ಬರಕೂಡದು. ಸೋಮವಾರ ಕಳಿಸಿದ್ದನ್ನು ಬುಧವಾರ ತೆರೆಯುವವರೂ ಇದ್ದಾರೆ, ಅವರ ನಾಳೆ ಬೇರೆ. ಗಡುವನ್ನು ‘ರಾತ್ರಿ 12’ ಎಂದು ಬರೆಯಬೇಡ. ಹತ್ತನೇ ತಾರೀಖು ಶುರುವಾಗುವ ಹನ್ನೆರಡೋ ಮುಗಿಯುವ ಹನ್ನೆರಡೋ ಎಂಬ ಗೊಂದಲದಲ್ಲಿ ಅರ್ಜಿಗಳು ತಪ್ಪಿಹೋಗುತ್ತವೆ. ‘ರಾತ್ರಿ 11:59ರ ಒಳಗೆ’ ಎಂದರೆ ಆ ಪ್ರಶ್ನೆಯೇ ಏಳುವುದಿಲ್ಲ. ಕಚೇರಿಗೆ ಕಾಗದ ಮುಟ್ಟಬೇಕಾದ ಗಡುವಾದರೆ ಕಚೇರಿ ಮುಚ್ಚುವ ಹೊತ್ತನ್ನೇ ಬರೆ.

ಹೊರದೇಶದವರ ಆನ್‌ಲೈನ್ ಉಪನ್ಯಾಸವಿದ್ದರೆ ಇನ್ನೂ ಎಚ್ಚರ ಬೇಕು. ಅಲ್ಲೆಲ್ಲ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಮೆರಿಕದಲ್ಲಿ ಅದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. 2026ರಲ್ಲಿ ಅವು ಮಾರ್ಚ್ 8 ಮತ್ತು 29. ನ್ಯೂಯಾರ್ಕ್‌ಗೂ ಲಂಡನ್‌ಗೂ ಸಾಮಾನ್ಯವಾಗಿ ಇರುವ 5 ಗಂಟೆ ಅಂತರ ಆ ಮೂರು ವಾರ 4 ಗಂಟೆಯಾಗಿರುತ್ತದೆ. ಹಿಂದಕ್ಕೆ ತಿರುಗಿಸುವಾಗ ಯುರೋಪು ಮೊದಲು, ಅಕ್ಟೋಬರ್‌ನ ಕೊನೆಯ ಭಾನುವಾರ. ಅಮೆರಿಕ ನವೆಂಬರ್‌ನ ಮೊದಲ ಭಾನುವಾರ. ಈ ದಿನಗಳ ಆಸುಪಾಸಿನ ಉಪನ್ಯಾಸವಾದರೆ ಉಪನ್ಯಾಸಕರ ಸಮಯ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ) ಸಮಯ, ನಿಮ್ಮ ಸಮಯ ಮೂರನ್ನೂ ಬರೆದು ಅವರಿಗೆ ಕಳಿಸಿ ಒಪ್ಪಿಗೆ ತರಿಸಿಕೋ. ಪತ್ರದಲ್ಲಿ ಮಾತ್ರ ನಿಮ್ಮ ಸಮಯವೇ ಮೊದಲು ಬರಲಿ.

ಮುಂಬರುವ ಕಾರ್ಯಕ್ರಮಗಳಿಗೆ ಒಂದೇ ಕ್ಯಾಲೆಂಡರ್ ಇರಬೇಕು. ಪರೀಕ್ಷೆಯ ವೇಳಾಪಟ್ಟಿ, ರಜೆಯ ಪಟ್ಟಿ, ಸೆಮಿನಾರ್ ಹಾಲ್ ಕಾದಿರಿಸುವ ಪುಸ್ತಕ ಈ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ನೋಡದೆ ಯಾವುದನ್ನೂ ಅದರಲ್ಲಿ ಸೇರಿಸಬೇಡ. ಘರ್ಷಣೆ ಹೆಚ್ಚಾಗಿ ಕಾರ್ಯಕ್ರಮದ ಹೊತ್ತಿನಲ್ಲಿ ಆಗುವುದಿಲ್ಲ, ಅದರ ಅಂಚಿನಲ್ಲಿ ಆಗುತ್ತದೆ. ಒಂದು 11ಕ್ಕೆ ಮುಗಿಯುತ್ತದೆ, ಇನ್ನೊಂದು 11ಕ್ಕೆ ಶುರು. ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ. ಆದರೆ ಕುರ್ಚಿ ಜೋಡಿಸಲು, ಮೈಕ್ ನೋಡಲು, ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಹೊಂದಿಸಲು ಹೊತ್ತು ಎಲ್ಲಿದೆ? ಮೊದಲು 30 ನಿಮಿಷ, ನಂತರ 30 ನಿಮಿಷ ಹಾಲ್ ಅವರದ್ದೇ ಎಂದು ಬರೆದುಕೋ. ಇನ್ನೂ ಒಪ್ಪಿಗೆ ಸಿಗದ ಕಾರ್ಯಕ್ರಮ ಕ್ಯಾಲೆಂಡರಿನಲ್ಲಿ ‘ತಾತ್ಕಾಲಿಕ’ ಎಂದು ಬೇರೆ ಬಣ್ಣದಲ್ಲಿರಲಿ, ಪತ್ರದಲ್ಲಿ ಮಾತ್ರ ಬರಬಾರದು. ತಾತ್ಕಾಲಿಕ ಎಂದು ಬರೆದರೂ ಓದುವವರ ನೆನಪಿನಲ್ಲಿ ಉಳಿಯುವುದು ತಾರೀಖು ಒಂದೇ.

ಕ್ಯಾಲೆಂಡರ್ ಆಹ್ವಾನ ಕಳಿಸಿದ ಮೇಲೆ ಸಮಯ ಬದಲಾದರೆ ಹಳೆಯ ನಮೂದನ್ನೇ ತೆರೆದು ತಿದ್ದಿ ಮತ್ತೆ ಕಳಿಸು. ಹೊಸದೊಂದನ್ನು ಮಾಡಬೇಡ. ಪ್ರತಿ ಆಹ್ವಾನದ ಒಳಗೆ ಅದರದೇ ಗುರುತು ಸಂಖ್ಯೆ ಇರುತ್ತದೆ. ಅದೇ ಗುರುತಿನಿಂದ ಬಂದ ತಿದ್ದುಪಡಿ ಹಳೆಯದರ ಜಾಗದಲ್ಲಿ ಕೂರುತ್ತದೆ. ಹೊಸ ಗುರುತಿನಿಂದ ಬಂದರೆ ಎಲ್ಲರ ಫೋನಿನಲ್ಲೂ ಒಂದೇ ಸಭೆ ಎರಡು ಸಮಯದಲ್ಲಿ ಕಾಣಿಸಿಕೊಂಡು, ಅರ್ಧ ಜನ ತಪ್ಪು ಹೊತ್ತಿಗೆ ಬಂದು ಕೂರುತ್ತಾರೆ.

ಪತ್ರದ ಮೈಕಟ್ಟು ಹೇಳುತ್ತೇನೆ. ಮೇಲೆ ಗಡುವುಗಳು: ಈ ವಾರ ಮುಗಿಯುವ ಅರ್ಜಿ, ಅಂಕ ದಾಖಲಾತಿ, ರಜೆಯ ವಿವರ. ಆಮೇಲೆ ಕಾರ್ಯಕ್ರಮಗಳು, ತಾರೀಖಿನ ಕ್ರಮದಲ್ಲಿ. ದೊಡ್ಡವರು ಬರುತ್ತಾರೆಂದು ಯಾವುದನ್ನೂ ಮೇಲಕ್ಕೆ ಎತ್ತಬೇಡ. ಆಮೇಲೆ ಸಾಮಾನ್ಯ ಸುದ್ದಿ, ಕೊನೆಗೆ ನಮ್ಮವರ ಸುದ್ದಿ. ಒಂದೊಂದು ಸುದ್ದಿ 40ರಿಂದ 60 ಪದ ಸಾಕು. ಮೊದಲ ವಾಕ್ಯದಲ್ಲಿಯೇ ಯಾರು ಏನು ಮಾಡಬೇಕು ಎಂಬುದು ಬರಲಿ. ‘ಆಂತರಿಕ ಮೌಲ್ಯಮಾಪನದ ಪಾರದರ್ಶಕತೆಯ ದೃಷ್ಟಿಯಿಂದ’ ಎಂದು ಆರಂಭಿಸಿದರೆ ಮೂರನೇ ಸಾಲು ಮುಟ್ಟುವವರಿಲ್ಲ. ‘ಎರಡನೇ ಇಂಟರ್ನಲ್ಸ್‌ನ ಅಂಕಗಳನ್ನು 12 ಮಾರ್ಚ್ 2026, ಗುರುವಾರ ಸಂಜೆ 4ರ ಒಳಗೆ ಪರೀಕ್ಷಾ ವಿಭಾಗಕ್ಕೆ ಕೊಡಿ’ ಎಂದು ಆರಂಭಿಸು. ಕಾರಣ ಬೇಕಾದರೆ ಆಮೇಲೆ ಒಂದು ವಾಕ್ಯ.

ನಮ್ಮವರ ಸುದ್ದಿ ಕೊನೆಯಲ್ಲಿದ್ದರೂ ಜನ ಮೊದಲು ಓದುವುದು ಅದನ್ನೇ. ಮನಸ್ಸು ನೋಯುವುದೂ ಅಲ್ಲಿಯೇ. ಹೆಸರನ್ನು ಅವರು ಹೇಗೆ ಬರೆದುಕೊಳ್ಳುತ್ತಾರೋ ಹಾಗೆ ಬರೆ, ಇನಿಷಿಯಲ್ ಮುಂದೋ ಹಿಂದೋ ಎಂಬುದನ್ನೂ ಕೇಳಿಕೋ. ಲೇಖನ ಕಳಿಸಿದ್ದು, ಸ್ವೀಕೃತವಾದದ್ದು, ಪ್ರಕಟವಾದದ್ದು ಮೂರೂ ಬೇರೆ. ಪ್ರಕಟವಾದದ್ದಕ್ಕೆ ಮಾತ್ರ ‘ಪ್ರಕಟವಾಗಿದೆ’ ಎಂದು ಬರೆದು, ಪತ್ರಿಕೆಯ ಹೆಸರು, ಸಂಪುಟ, ವರ್ಷ, ಡಿಒಐ ಸಂಖ್ಯೆ (ಲೇಖನದ ಕಾಯಂ ಗುರುತು) ಕೊಡು. ಯಾರದೇ ಕಾಯಿಲೆ, ಆಪರೇಷನ್, ಬಸಿರು ಇವನ್ನು ಅವರ ಬಾಯಿಂದ ಒಪ್ಪಿಗೆ ಬರದೆ ಬರೆಯಬಾರದು. ‘ರಜೆಯಲ್ಲಿದ್ದಾರೆ, ಅವರ ತರಗತಿಗಳನ್ನು ಇಂಥವರು ನೋಡಿಕೊಳ್ಳುತ್ತಾರೆ’ ಎಂದರೆ ಸಾಕು. ಸಾವಿನ ಸುದ್ದಿ ಸೋಮವಾರದವರೆಗೆ ಕಾಯುವುದೂ ಸಲ್ಲದು, ಬಹುಮಾನ ಬಂದವರ ಫೋಟೋದ ಕೆಳಗೆ ಬರುವುದೂ ಸಲ್ಲದು. ಮನೆಯವರ ಅನುಮತಿ ಪಡೆದು ಬೇರೆಯಾಗಿ, ಎರಡು-ಮೂರು ವಾಕ್ಯದಲ್ಲಿ ಕಳಿಸು. ಅದಕ್ಕೆ ಚಿತ್ರವೂ ಬೇಡ, ಬಣ್ಣವೂ ಬೇಡ.

ಮತ್ತೊಂದು ಮಾತು, ಇದನ್ನು ಮನಸ್ಸಿಗೆ ಹಾಕಿಕೋ. ಲ್ಯಾಬ್ ಸಹಾಯಕರು, ಅಟೆಂಡರ್‌ಗಳು, ಸ್ವಚ್ಛತೆ ನೋಡಿಕೊಳ್ಳುವವರು, ಕಾವಲಿನವರು ಫಾರ್ಮ್ ತುಂಬಿ ಕಳಿಸುವುದಿಲ್ಲ. ತಮ್ಮ ಇಪ್ಪತ್ತೈದು ವರ್ಷದ ಸೇವೆಯೂ ಒಂದು ಸುದ್ದಿ ಎಂದು ಅವರಿಗೆ ತೋಚುವುದಿಲ್ಲ. ನೀನೇ ಕಚೇರಿಯಲ್ಲಿ ಸೇವೆಗೆ ಸೇರಿದ ತಾರೀಖು, ನಿವೃತ್ತಿಯ ತಾರೀಖು ನೋಡಿ ಮೊದಲೇ ಪಟ್ಟಿ ಮಾಡಿಟ್ಟುಕೊಂಡು, ಅವರನ್ನು ಕೇಳಿ ಬರೆ. ಯಾವ ವಿಭಾಗದ ಹೆಸರು ಎಷ್ಟು ಸಲ ಬಂತು ಎಂದು ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗು. ಸೆಮಿಸ್ಟರ್ ನಡುವಿನ ಹೊತ್ತಿಗೆ ಒಂದೂ ಗೀಟು ಇಲ್ಲದ ಸಾಲು ಕಂಡರೆ ಅತ್ತ ನಡೆದುಕೊಂಡು ಹೋಗಿ ಮಾತಾಡಿಸು.

ಇವರಲ್ಲಿ ಹಲವರಿಗೆ ಕಾಲೇಜಿನ ಮೇಲ್ ಇರುವುದಿಲ್ಲ. ಅವರಿಗಾಗಿ ಎ4 ಹಾಳೆಯ ಒಂದೇ ಬದಿಗೆ, 14 ಪಾಯಿಂಟ್ ಅಕ್ಷರದಲ್ಲಿ ಮುದ್ರಿಸಿ ಹಾಜರಾತಿ ಪುಸ್ತಕ ಇಡುವಲ್ಲಿ, ಕುಡಿಯುವ ನೀರಿನ ಬಳಿ, ಗೇಟಿನಲ್ಲಿ ಅಂಟಿಸು. ಹಳೆಯದನ್ನು ಕಿತ್ತ ಮೇಲೆಯೇ ಹೊಸದು. ಕ್ಯೂಆರ್ ಕೋಡ್ ಹಾಕುವುದಾದರೆ ಸುತ್ತಲೂ ಅದರ ನಾಲ್ಕು ಚುಕ್ಕಿ ಚೌಕದಷ್ಟು ಬಿಳಿ ಅಂಚು ಬಿಡು, ಇಲ್ಲದಿದ್ದರೆ ಫೋನ್ ಹಿಡಿಯದೆ ಹೋಗಬಹುದು. ನಿಂತು ನೋಡುವ ದೂರದ ಹತ್ತನೇ ಒಂದು ಪಾಲು ಅಗಲ ಇರಲಿ: ಅರ್ಧ ಮೀಟರಿಗೆ 5 ಸೆಂಟಿಮೀಟರ್.

ಮೇಲ್‌ನಲ್ಲಿ ಎಡವುವ ಜಾಗಗಳು ಗೊತ್ತಿರಲಿ. ಬರೀ ಪೋಸ್ಟರ್ ಚಿತ್ರ ಹಾಕಿ ಕಳಿಸಬೇಡ. ಚಿತ್ರದೊಳಗಿನ ದಿನಾಂಕವನ್ನು ಸುಲಭವಾಗಿ ಹುಡುಕಲಾಗದು, ನಕಲು ಮಾಡಲಾಗದು, ದೃಷ್ಟಿ ಇಲ್ಲದ ಸಹೋದ್ಯೋಗಿಗೆ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದದೆ ಹೋಗಬಹುದು. ಪೋಸ್ಟರ್ ಇದ್ದರೂ ವಿವರವೆಲ್ಲ ಅಕ್ಷರದಲ್ಲಿಯೂ ಇರಲಿ. ಜಿಮೇಲ್ 102 ಕೆಬಿ ದಾಟಿದ ಸಂದೇಶದ ಬಾಲವನ್ನು ಮಡಚಿಡುತ್ತದೆ. ವರ್ಡ್‌ನಿಂದ ನೇರವಾಗಿ ಅಂಟಿಸಿದರೆ ಕಾಣದ ಕೋಡ್ ಸೇರಿಕೊಂಡು ಆ ಮಿತಿ ಬೇಗ ಮೀರುತ್ತದೆ, ಆಗ ಮಾಯವಾಗುವುದು ಕೊನೆಯಲ್ಲಿರುವ ನಮ್ಮವರ ಸುದ್ದಿ. ಅಂಟಿಸುವಾಗ ‘ಫಾರ್ಮ್ಯಾಟಿಂಗ್ ಇಲ್ಲದೆ’ ಎಂಬ ಆಯ್ಕೆ ಬಳಸು. ವಿಳಾಸಗಳನ್ನು ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಖಾನೆ) ಹಾಕು, ಇಲ್ಲವಾದರೆ ಒಬ್ಬರು ಎಲ್ಲರಿಗೂ ಉತ್ತರಿಸಿ ಮಿಕ್ಕವರೆಲ್ಲ ‘ಧನ್ಯವಾದ’ ಎನ್ನುತ್ತಾ ಹೋಗುತ್ತಾರೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಡ್ರೈವ್ ಲಿಂಕ್. ನಿನಗೆ ತೆರೆಯುತ್ತದೆ, ಏಕೆಂದರೆ ಕಡತ ನಿನ್ನದು. ಉಳಿದವರಿಗೆ ಅನುಮತಿ ಕೇಳುತ್ತದೆ. ಎಲ್ಲರಿಗೂ ಕಳಿಸುವ ಮುನ್ನ ನಿನಗೂ ಇನ್ನೊಬ್ಬ ಸಹೋದ್ಯೋಗಿಗೂ ಒಂದೊಂದು ಪ್ರತಿ ಕಳಿಸಿ, ಅವರ ಫೋನಿನಲ್ಲಿ ಒಂದೊಂದು ಲಿಂಕನ್ನೂ ಒತ್ತಿ ನೋಡು. ಅವರನ್ನೇ ಕೂರಿಸಿಕೊಂಡು ಅಂಕಿಗಳನ್ನು ಮಾತ್ರ ಗಟ್ಟಿಯಾಗಿ ಓದಿಸು, ನೀನು ಫಾರ್ಮ್ ನೋಡುತ್ತಾ ಹೊಂದಿಸು. ಹತ್ತು ನಿಮಿಷದ ಕೆಲಸ.

ಇಷ್ಟಾದರೂ ತಪ್ಪು ನುಸುಳುತ್ತದೆ. ಗೊತ್ತಾದ ದಿನವೇ, ಅದೇ ಪಟ್ಟಿಗೆ, ‘ತಿದ್ದುಪಡಿ’ ಎಂದು ವಿಷಯದ ಸಾಲಿನಲ್ಲೇ ಬರೆದು ಕಳಿಸು. ಹಳೆಯದು ಇದಿತ್ತು, ಸರಿಯಾದದ್ದು ಇದು ಎಂದು ಎರಡನ್ನೂ ತೋರಿಸು. ಜಾಗ ಬದಲಾಗಿದ್ದರೆ ಹಳೆಯ ಕೊಠಡಿಯ ಬಾಗಿಲಿಗೊಂದು ಚೀಟಿಯೂ ಬೇಕು. ಯಾರ ತಪ್ಪು ಎಂದು ಬರೆಯುವ ಅಗತ್ಯವಿಲ್ಲ.

ಎಷ್ಟು ಜನ ಮೇಲ್ ತೆರೆದರು ಎಂಬ ಲೆಕ್ಕವನ್ನು ನೆಚ್ಚಬೇಡ. ಸಂದೇಶದೊಳಗಿನ ಚಿತ್ರ ಇಳಿದರೆ ಅದನ್ನು ತೆರೆದಂತೆ ಎಂದು ಎಣಿಸುವ ಲೆಕ್ಕ ಅದು. ಆಪಲ್‌ನ ಮೇಲ್ ಆ್ಯಪ್‌ನಲ್ಲಿ 2021ರಿಂದ ಗೌಪ್ಯತೆಯ ರಕ್ಷಣೆ ಹಾಕಿಕೊಂಡವರ ಸಂದೇಶದ ಚಿತ್ರಗಳು ತಾವಾಗಿ ಇಳಿಯುತ್ತವೆ, ಓದದವರೂ ಓದಿದವರ ಲೆಕ್ಕಕ್ಕೆ ಸೇರುತ್ತಾರೆ. ಅದರ ಬದಲು ಕಚೇರಿಯಲ್ಲಿ ಕೇಳು: ಪತ್ರದಲ್ಲಿದ್ದ ಯಾವ ವಿಷಯಕ್ಕೆ ಈ ವಾರವೂ ಫೋನ್ ಬಂತು ಎಂದು. ಆ ಸುದ್ದಿಯನ್ನು ಬರೆದ ರೀತಿಯಲ್ಲೇ ಏನೋ ಕೊರತೆ ಇತ್ತು ಎಂದು ತಿಳಿದು, ಮುಂದಿನ ಸಲ ಹಾಗೆ ಬರೆಯಬೇಡ.

ಕೊನೆಯದಾಗಿ, ಫಾರ್ಮ್, ಕ್ಯಾಲೆಂಡರ್, ಮೇಲ್ ಪಟ್ಟಿ ಎಲ್ಲವೂ ಕಾಲೇಜಿನ ಖಾತೆಯಲ್ಲಿರಲಿ, ನಿನ್ನ ಸ್ವಂತ ಖಾತೆಯಲ್ಲಿ ಬೇಡ. ಕಚೇರಿಯ ಇನ್ನೊಬ್ಬರಿಗೂ ಅದರ ಪ್ರವೇಶ ಇರಲಿ. ನೀನು ರಜೆ ಹಾಕಿದ ಸೋಮವಾರವೂ 9ಕ್ಕೆ ಪತ್ರ ಹೋಗಬೇಕಲ್ಲ. ಮೊದಲ ಸಂಚಿಕೆಯ ಕರಡನ್ನು ಗುರುವಾರ ರಾತ್ರಿಯೇ ನನಗೂ ಕಳಿಸು, ಅಂಕಿಗಳನ್ನು ನಾನೂ ಒಮ್ಮೆ ನೋಡುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ