ನಿನ್ನ ಹನ್ನೊಂದನೇ ದಿನದ ಲೆಕ್ಕ

ಅವ್ವಾ,

ಹೈದರಾಬಾದ್ ಮುಟ್ಟಿದೆ ಅಂತ ನಿನ್ನ ಮೆಸೇಜು ಬಂತು. ಅದರ ಕೆಳಗೇ ಇನ್ನೊಂದು: "30 ದಿನ ಪಥ್ಯ ಒಂದ್ ಸಲಾನೂ ತಪ್ಪಿಲ್ಲ ಅಪ್ಪಾ, ಮುಂದಿನ ವಾರ ಡಯೆಟಿಶಿಯನ್‌ಗೆ ನೋಟ್‌ಬುಕ್ ತೋರಿಸ್ತೀನಿ." ಅದನ್ನು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಎರಡು ಸಲ ಫೋನ್ ಮಾಡಿದೆ, ಎರಡೂ ಸಲ ಹವಾಮಾನದ ಬಗ್ಗೆ ಮಾತಾಡಿ ಇಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಆ ನೋಟ್‌ಬುಕ್‌ನಲ್ಲಿ ಒಂದು ಸಾಲು ತಪ್ಪಿದೆ. 11ನೇ ದಿನದ್ದು.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಪರವಾಗಿ ಹೇಳಿಕೊಳ್ಳೋಕೆ ಏನೂ ಉಳಿಯೋದಿಲ್ಲ.

ನೀನು ನಲವತ್ತು ದಿನ ಮನೆಯಿಂದಲೇ ಕೆಲಸ ಅಂತ ಬಂದಾಗ ನಿಮ್ಮವ್ವ ಸುರಪುರದಲ್ಲಿದ್ದಳು. ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು. ಮನೆಯಲ್ಲಿ ನಾನೊಬ್ಬನೇ. ನನಗೆ ಬರುವುದು ಮೂರೇ ಅಡುಗೆ: ಅನ್ನ, ಬೇಳೆ, ಚಹಾ. ನೀನು ಚೀಲ ಇಳಿಸುವ ಮೊದಲೇ ಮೊಬೈಲಿನಲ್ಲಿ ಪಟ್ಟಿ ತೆಗೆದು ತೋರಿಸಿದೆ. ಅಕ್ಕಿ ಇಲ್ಲ. ಬೇಳೆ ಇಲ್ಲ. ಹಾಲು, ಸಕ್ಕರೆ ಇಲ್ಲ. ನನ್ನ ಮೂರೂ ಅಡುಗೆ ಒಂದೇ ಏಟಿಗೆ ಹೋದವು.

ನಿನ್ನ ಹೊಟ್ಟೆಯ ತಕರಾರು ನನಗೆ ಹೊಸದಲ್ಲ. ಉಂಡು ಒಂದು ತಾಸಿಗೆ ಹೊಟ್ಟೆ ಹಲಗೆಯ ಹಾಗೆ ಬಿಗಿಯೋದು, ಡಾಕ್ಟರು ಎಲ್ಲ ಟೆಸ್ಟು ಮಾಡಿಸಿ ಏನೂ ಇಲ್ಲ ಅಂದದ್ದು, ಕೊನೆಗೆ ಡಯೆಟಿಶಿಯನ್ ಈ 'ಹೋಲ್ ಥರ್ಟಿ' ಅನ್ನೋ ಪಥ್ಯ ಹೇಳಿದ್ದು, ಎಲ್ಲ ನೀನೇ ಹೇಳಿದ್ದೆ. 2009ರಲ್ಲಿ ಅಮೆರಿಕದಲ್ಲಿ ಶುರುವಾದ ಪಥ್ಯವಂತೆ. 30 ದಿನ ಧಾನ್ಯ, ಬೇಳೆಕಾಳು (ಶೇಂಗಾನೂ ಅದರಲ್ಲೇ ಬಂತು), ಹಾಲು ಮೊಸರು, ಬೆರೆಸಿದ ಸಕ್ಕರೆ, ಬೆಲ್ಲ, ಜೇನು ಎಲ್ಲ ಬಂದ್. ಆಮೇಲೆ ಒಂದೊಂದೇ ವಾಪಸ್ ತಿಂದು ಯಾವುದು ಹೊಟ್ಟೆಗೆ ಆಗೋದಿಲ್ಲ ಅಂತ ಹಿಡಿಯೋದು. ಲೆಕ್ಕದವನಿಗೆ ಈ ಮಾತು ಹಿಡಿಸಿತು. ತಾಳೆ ಆಗದಿದ್ದರೆ ನಾವೂ ಎಲ್ಲ ವೋಚರು ಹೊರಗಿಟ್ಟು ಒಂದೊಂದೇ ಸೇರಿಸಿ ನೋಡುತ್ತೇವೆ.

ಆದರೆ ಜೋಳ ಬಿಡಿಸುವ ಪಥ್ಯವನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಜ್ವರ ಬಂದವನಿಗೆ ಜೋಳದ ಗಂಜಿ, ಬಿಸಿಲಿಗೆ ಅಂಬಲಿ. ಇದು ನಮ್ಮ ಕಡೆಯ ಔಷಧಿ. ಇಡೀ ಆಹಾರ, ಮಿಲ್ಲು ಮುಟ್ಟದ ಆಹಾರ ತಿನ್ನಬೇಕು ಅಂತ ಪಥ್ಯದ ಹೆಸರಿನಲ್ಲೇ ಇದೆ, ಹಾಗಾದರೆ ಹಿಂಗಾರಿನ ಮಾಲದಂಡಿ ಜೋಳ ಏನು ಫ್ಯಾಕ್ಟರಿಯಲ್ಲಿ ಬೆಳೆಯುತ್ತಾ? ಕೇಳಿದೆ. ನೀನು, "ಅಪ್ಪಾ, ರೂಲ್ ಅಂದ್ರ ರೂಲ್" ಅಂದೆ. ನೀನೂ ನನ್ನ ಮಗಳೇ.

ಇನ್ನು ತೊಗರಿ. ಮೂವತ್ತೆರಡು ವರ್ಷ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆದವನು ನಾನು. ಅಂಗಿಯ ಕಿಸೆ ಕೊಡವಿದರೆ ಇವತ್ತಿಗೂ ಹೊಟ್ಟು ಬೀಳುತ್ತೆ. ನಮ್ಮ ಕಲಬುರಗಿಯ ಕಪ್ಪು ನೆಲದ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಈ ಸೀಮೆಯದೇ ಅನ್ನೋ ಗುರುತು, ಸಿಕ್ಕಾಗ ಮಿಲ್ಲಿನಲ್ಲಿ ಪೇಢೆ ಹಂಚಿದ್ದೆವು. ನಿನ್ನ ಕಾಲೇಜಿನ ಫೀಸು ಕಟ್ಟಿದ್ದು ಅದೇ ಬೇಳೆ. ಅದನ್ನು ಡಬ್ಬಿ ಸಮೇತ ಮೇಲಿನ ಕಪಾಟಿಗೆ ಎತ್ತಿಟ್ಟಾಗ, ನಿಜ ಹೇಳುತ್ತೇನೆ, ನನಗೆ ಚೂರು ಅವಮಾನ ಆದ ಹಾಗಾಯಿತು.

ಒಂದು ಮಾತ್ರ ಒಳ್ಳೆಯದಾಯಿತು. ರೊಟ್ಟಿ ಬಡಿಯೋದು ನನಗೆ ಬಾರದು, ಈಗ ಬರಬೇಕಾಗಿಯೂ ಇರಲಿಲ್ಲ. ನನಗೆ ಬೇಕಾದ ಎರಡು ರೊಟ್ಟಿ ಓಣಿಯ ತುದಿಯ ರೊಟ್ಟಿ ಅಕ್ಕೋರ ಹತ್ತಿರ ತಂದು, ನೀನು ಮೀಟಿಂಗಿನಲ್ಲಿ ಇರುವಾಗ ಹಿತ್ತಲಿನಲ್ಲಿ ನಿಂತು ತಿನ್ನುತ್ತಿದ್ದೆ. ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು. ಮೂರನೇ ದಿನ ನಿನ್ನ ಮುಖ ನೋಡೋಕಾಗದೆ ಗೆಣಸು ಬೇಯಿಸಿ, ನಾದಿ, ತಟ್ಟಿ, ಹಂಚಿನ ಮೇಲೆ ಹಾಕಿ ರೊಟ್ಟಿಯಂಥದ್ದೊಂದು ಮಾಡಿದೆ, ನೆನಪಿದೆಯಾ? ಅರ್ಧ ಹಂಚಿಗೇ ಅಂಟಿತ್ತು. ಉಳಿದರ್ಧ ನೋಡಿ ನೀನು ಅಂದೆ, ಇದೂ ನಡೆಯೋದಿಲ್ಲ, ಹಾಕಿದ್ದೆಲ್ಲ ಪಟ್ಟಿಯೊಳಗಿನದೇ ಆದರೂ ಬ್ರೆಡ್ಡು, ರೊಟ್ಟಿ, ಕೇಕು ಅಂತ ರೂಪ ಕೊಡಬಾರದು ಅಂತ. ಅಂದರೆ ರೊಟ್ಟಿ ತಿನ್ನೋದಷ್ಟೇ ಅಲ್ಲ, ರೊಟ್ಟಿಯ ನೆನಪು ತೆಗೆಯೋದೂ ತಪ್ಪು! ಅದನ್ನೇ ಪುಡಿ ಮಾಡಿ ಉಳ್ಳಾಗಡ್ಡಿ, ಜೀರಿಗಿ ಒಗ್ಗರಣೆ ಹಾಕಿದೆ, ಆಗ ನಡೆಯಿತು. ಗೆಣಸಿಗೆ ತಾನು ಅದೇ ಅಂತ ಗೊತ್ತಿದ್ದರೆ ನಗುತ್ತಿತ್ತು.

ಅಡುಗೆ ನಿಜವಾಗಿ ಕಲಿತದ್ದು ಆಮೇಲೆ. ಹೊರಗೆ ಏನೂ ತಿನ್ನುವ ಹಾಗಿಲ್ಲ, ಡಬ್ಬಿಯದು ಏನೂ ನಂಬುವ ಹಾಗಿಲ್ಲ. ಕನ್ನಡಕ ಹಾಕಿಕೊಂಡು ಇಂಗಿನ ಡಬ್ಬಿ ಓದಿದರೆ ಅದರಲ್ಲಿ ಗೋಧಿ ಹಿಟ್ಟು! ಇಷ್ಟು ವರ್ಷ ಇಂಗು ಅಂತ ಹಿಟ್ಟಿಗೂ ರೊಕ್ಕ ಕೊಟ್ಟಿದ್ದೇವೆ. ಚವಳಿಕಾಯಿ ತಂದ ದಿನ ನಾವಿಬ್ಬರೂ ವಕೀಲರ ಹಾಗೆ ವಾದಿಸಿದೆವು, ಅದು ಕಾಳೋ ಕಾಯಿಯೋ ಅಂತ. ಕಾಳಿಗಿಂತ ಸಿಪ್ಪೆಯೇ ಜಾಸ್ತಿ ತಿನ್ನುವಂಥದ್ದು, ಬೀನ್ಸ್ ಥರದ್ದು ಆಗುತ್ತೆ ಅಂತ ನೀನು ಪುಸ್ತಕ ನೋಡಿ ಹೇಳಿದೆ, ನಾನು ಗೆದ್ದೆ. ಹಾಲು ಬೇಡ ಆದರೆ ತುಪ್ಪ ಆಗುತ್ತೆ ಅನ್ನೋದು ಮೊದಲು ವಿಚಿತ್ರ ಅನಿಸಿತು, ಬೆಣ್ಣೆ ಕಾಯಿಸಿ ಸೋಸಿದಾಗ ಜರಡಿಯಲ್ಲಿ ಉಳಿದ ಕಂದು ಗಸಿ ನೋಡಿದ ಮೇಲೆ ತಿಳಿಯಿತು, ಹಾಲಿನದು ಹೆಚ್ಚುಕಡಿಮೆ ಎಲ್ಲ ಅಲ್ಲೇ ಉಳಿಯುತ್ತೆ ಅಂತ. ನಿಮ್ಮವ್ವ ತುಂಬಿಟ್ಟು ಹೋದ ತುಪ್ಪದ ಬರಣಿಯೇ ನಮ್ಮನ್ನು ಕಾಪಾಡಿತು. ತೆಂಗಿನೆಣ್ಣೆಯಲ್ಲಿ ಪಲ್ಯ ಮಾಡೋಣ ಅಂದೆಯಲ್ಲ, ಕ್ಷಮಿಸು, ಆ ವಾಸನೆ ಬಂದರೆ ನನಗೆ ತಲೆ ಬಾಚಿಕೊಳ್ಳಬೇಕು ಅನಿಸುತ್ತೆ.

ಪುಂಡಿಪಲ್ಯ ನನ್ನನ್ನು ಬಹಳ ಸತಾಯಿಸಿತು. ಅದಕ್ಕೆ ಜೋಳದ ನುಚ್ಚೋ ಬೇಳೆಯೋ ಬೀಳಬೇಕು, ಆಗಲೇ ಅದರ ಹುಳಿ ಹದಕ್ಕೆ ಬರೋದು. ಎರಡೂ ಇಲ್ಲದೆ ಮಾಡಿದ ಮೊದಲನೇ ಸಲ ಹಲ್ಲು ಚುಳ್ ಅಂದವು. ಎರಡನೇ ಸಲ ಸೊಪ್ಪು ಬೇಯಿಸಿ ಆ ನೀರು ಚೆಲ್ಲಿದೆ, ರುಚಿಯೂ ಚೆಲ್ಲಿ ಹೋಯಿತು. ಮೂರನೇ ಸಲ ಕೆಂಪು ಕುಂಬಳಕಾಯಿ ಬೇಯಿಸಿ ಮಸೆದು ಹಾಕಿ, ಬಳ್ಳೊಳ್ಳಿ ಜಜ್ಜಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟೆ. ಕುಂಬಳದ ಸಿಹಿ ಹುಳಿಯನ್ನು ಹಿಡಿದುಕೊಂಡಿತು, ಪಲ್ಯ ಗಟ್ಟಿಯೂ ಆಯಿತು. ಇದನ್ನು ನಾನೇ ಕಂಡುಹಿಡಿದೆ ಅಂದುಕೊಂಡಿದ್ದೇನೆ. ಯಾರಾದರೂ ಮೊದಲೇ ಮಾಡಿದ್ದರೆ ನನಗೆ ಹೇಳಬೇಡ.

ತತ್ತಿಯ ವಿಷಯ ಇಲ್ಲಿ ಜಾಸ್ತಿ ಬರೆಯೋದಿಲ್ಲ, ಪತ್ರ ಯಾರ ಕೈಗೆ ಸಿಗುತ್ತೋ. ಆದರೆ ಬೇಳೆ, ಹಾಲು ಎರಡೂ ಬಿಟ್ಟರೆ ನಮ್ಮಂಥ ಮನೆಯಲ್ಲಿ ಪ್ರೋಟೀನು ಎಲ್ಲಿಂದ ಬರಬೇಕು? ಈ ಪಥ್ಯ ಮಾಡಿದವರು ಮಾಂಸ, ಮೀನು ನೆಚ್ಚಿಕೊಂಡು ಮಾಡಿದ್ದು, ಅದು ಪಟ್ಟಿ ನೋಡಿದರೇ ಗೊತ್ತಾಗುತ್ತೆ. ಒಂದು ತತ್ತಿಯಲ್ಲಿ 6 ಗ್ರಾಂ ಅಂತ ನೀನು ಹೇಳಿದ ಮೇಲೆ ನಾನೇ ಬೇರೆ ಬಾಣಲೆ ತಂದು, ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಅಷ್ಟು ಸಾಕು.

ಈಗ 11ನೇ ದಿನ.

ಒಂದು ವಾರದಿಂದ ನಿನ್ನ ಮುಖ ಬಾಡಿತ್ತು. ಧಾನ್ಯ ಬಿಟ್ಟ ಮೊದಲ ದಿನಗಳಲ್ಲಿ ಸುಸ್ತು ಆಗೋದು ಇದ್ದದ್ದೇ ಅಂತ ನೀನೇ ಹೇಳಿದ್ದೆ, ಆದರೆ ಹೇಳಿದ್ದು ಕಿವಿಗೆ ಬೀಳುತ್ತೆ, ಕಂಡದ್ದು ಹೊಟ್ಟೆಗೆ ಬೀಳುತ್ತೆ. ಹಿಂದಿನ ರಾತ್ರಿ ಅರ್ಧ ತಾಟು ಬಿಟ್ಟು ಎದ್ದಿದ್ದೆ. ಆವತ್ತು ನಾನು ಎಣ್ಣಗಾಯಿ ಹಚ್ಚಿದ್ದೆ. ಶೇಂಗಾ ಇಲ್ಲ, ಬೆಲ್ಲ ಇಲ್ಲ, ಎಳ್ಳು ಹುರಿದು, ಒಣಕೊಬ್ಬರಿ, ಹುರಿದ ಉಳ್ಳಾಗಡ್ಡಿ, ಹುಣಸೆಹುಳಿ, ಖಾರ. ಅದಕ್ಕೂ ಮೊದಲು ಒಂದು ಸಲ ಮಾಡಿದ್ದೆ, ಚೆನ್ನಾಗೇ ಬಂದಿತ್ತು. ಆವತ್ತು ಬಾಗಿಲಿಗೆ ಯಾರೋ ಬಂದರು ಅಂತ ಹೋಗಿ ಬರುವಷ್ಟರಲ್ಲಿ ಎಳ್ಳು ಕರ್ರಗಾಗಿತ್ತು. ಎಳ್ಳು ಚೂರು ಜಾಸ್ತಿ ಹುರಿದರೂ ಕಹಿ, ಇದು ಪೂರ್ತಿ ಇದ್ದಿಲು. ಡಬ್ಬಿಯಲ್ಲಿ ಬೇರೆ ಎಳ್ಳಿರಲಿಲ್ಲ. ಬದನೆಕಾಯಿ ಸೀಳಿ ಉಪ್ಪುನೀರಿನಲ್ಲಿ ಬಿಟ್ಟಾಗಿತ್ತು. ಎದುರಿಗೇ ನಿಮ್ಮವ್ವ ಮಾಡಿಟ್ಟ ಶೇಂಗಾ ಚಟ್ನಿಪುಡಿ, ನಮ್ಮ ಶೇಂಗಾ ಹಿಂಡಿ.

ಎರಡು ಚಮಚ. ಒಂದು ಹಾಕಿ ನಿಂತೆ, ಆಮೇಲೆ ಇನ್ನೊಂದು ಹಾಕಿದೆ. ಮೊದಲನೆಯದು ಅವಸರ ಅನ್ನಬಹುದು, ಎರಡನೆಯದಕ್ಕೆ ಹಾಗನ್ನೋಕೆ ಬರೋದಿಲ್ಲ.

ನೀನು ನಾಲ್ಕು ಬದನೆಕಾಯಿ ತಿಂದೆ. ತಾಟು ಬೆರಳಿನಿಂದ ಒರೆಸಿದೆ. "ಅಪ್ಪಾ, ಇವತ್ತ ಭಾಳ ಛಲೋ ಆಗ್ಯಾದ, ಏನ್ ಹಾಕಿದ್ರಿ?" ಅಂತ ಕೇಳಿದೆ. ಎಳ್ಳು ಅಂದೆ.

ಒಂದು ಸಲ ಜಾರಿದರೂ ಮೊದಲನೇ ದಿನದಿಂದ ಎಣಿಸಬೇಕು ಅನ್ನೋ ರೂಲು ನನಗೆ ಗೊತ್ತಿತ್ತು. ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ನೀನು ನೋಟ್‌ಬುಕ್‌ನಲ್ಲಿ 'ಎಣ್ಣಗಾಯಿ, ಎಳ್ಳು, ಹೊಟ್ಟೆ ಹಗುರ, ಮನಸ್ಸೂ ಹಗುರ' ಅಂತ ಬರೆದು ತೋರಿಸಿದೆ. ಹೇಗೆ ಹೇಳಲಿ? ಇನ್ನೊಂದು ಮಾತು ರಾತ್ರಿ ಮಲಗಿದ ಮೇಲೆ ಹೊಳೆಯಿತು. ಶೇಂಗಾ ಅಲರ್ಜಿ ಇರುವವರಿಗೆ ಒಂದು ಚೂರು ಸಾಕು ಉಸಿರು ಸಿಕ್ಕಿಹಾಕಿಕೊಳ್ಳೋಕೆ. ನೀನು ಶೇಂಗಾ ಹೋಳಿಗೆ ತಿಂದೇ ಬೆಳೆದವಳು, ನಿನಗೆ ಅದಿಲ್ಲ, ನಿಜ. ಆದರೆ ಒಬ್ಬರ ತಾಟಿನಲ್ಲಿ ಏನಿದೆ ಅಂತ ಅವರಿಗೆ ಹೇಳದೆ ಬಡಿಸೋದು ಅಂದರೆ ಏನು ಅಂತ ಆವತ್ತು ರಾತ್ರಿ ಗೊತ್ತಾಯಿತು. ಎದ್ದು ಬಂದು ನಿನ್ನ ಕೋಣೆಯ ಬಾಗಿಲಲ್ಲಿ ನಿಂತು ನಿನ್ನ ಉಸಿರು ಕೇಳಿ ಹೋದೆ. ಎರಡು ಸಲ.

18ನೇ ದಿನಕ್ಕೆ ಎಳ್ಳು ಅಮಾವಾಸ್ಯೆ, ನಮ್ಮ ಎಳ್ಳಮಾಸಿ ಬಂತು. ಪಥ್ಯ ಹಿಡಿಯೋಕೆ ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ, ಹೊಲದಲ್ಲಿ ಹಸಿ ಕಡಲೆ, ಹಸಿ ತೊಗರಿಕಾಯಿ, ಮನೆಮನೆಯಲ್ಲಿ ಸಜ್ಜೆ ರೊಟ್ಟಿ, ಕಡಬು, ಭಜ್ಜಿ. ಜೇವರ್ಗಿ ಹೊಲಕ್ಕೆ ಹೋಗೋದೇ ಬೇಡ ಅಂತ ನಾನಂದೆ, ಹೊಲಕ್ಕೆ ನೈವೇದ್ಯದ ಚರಗ ಚೆಲ್ಲೋಕೆ ಬರದಿದ್ದರೆ ದೊಡ್ಡಪ್ಪ ಬಿಡೋದಿಲ್ಲ ಅಂತ ನೀನಂದೆ. ಡಬ್ಬಿ ಕಟ್ಟಿಕೊಂಡು ಹೋದೆವು. ಆದರೆ ದೊಡ್ಡವ್ವ ಏನು ಮಾಡಿದ್ದಳು ನೋಡು. ಭಜ್ಜಿಗೆ ಕಾಳು, ಕಡಲೆಹಿಟ್ಟು, ಮಜ್ಜಿಗೆ ಬೀಳುವ ಮೊದಲೇ ಬರೀ ಸೊಪ್ಪು, ಗಜ್ಜರಿ, ಬದನೆಕಾಯಿ ಬೇಯಿಸಿದ್ದನ್ನು ಬೇರೆ ಗಡಿಗೆಗೆ ತೆಗೆದು, ಹುಣಸೆಹುಳಿ ಹಾಕಿ, ಬಟ್ಟೆ ಕಟ್ಟಿ ಇಟ್ಟಿದ್ದಳು. ಸೌಟು ಕೂಡ ಬೇರೆ. ಶಾಲೆಯ ಮೆಟ್ಟಿಲು ಹತ್ತದವಳು. "ನಿನ್ನ ಕೂಸು ಏನೋ ನೇಮ ಹಿಡದಾದ, ನಾವ್ಯಾಕ ಕೆಡಿಸೋಣ?" ಅಂದಳು. ಬೇವಿನ ಮರದ ಕೆಳಗೆ ಕೂತು ನೀನು ಅದನ್ನು ತಿನ್ನುತ್ತಿದ್ದೆ. ನನ್ನ ತಾಟಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಹಿಂಡಿ ಮುಟ್ಟೋಕಾಗಲಿಲ್ಲ.

ಮೂವತ್ತು ಮುಗಿದ ಮೇಲಿನದು ನಿನಗೇ ಗೊತ್ತು. ಮೊದಲು ಬೇಳೆ. ಕಪಾಟಿನಿಂದ ಆ ಡಬ್ಬಿ ಇಳಿಸಿ ತೊಗರಿಬೇಳೆ ಬೇಯಿಸಿದಾಗ ಕುಕ್ಕರಿನ ಸೀಟಿ ಕೇಳಿ ನಾವಿಬ್ಬರೂ ನಕ್ಕೆವು. ಆ ದಿನ ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಜೋಳ, ಅನ್ನ. ಮೂರು ರೊಟ್ಟಿ ತಿಂದೆ, ಏನೂ ಆಗಲಿಲ್ಲ. ಮತ್ತೆ ಎರಡು ದಿನ ಬಿಟ್ಟು ಹಾಲು. ಬೆಳಗ್ಗೆ ಚಹಾ, ಮಧ್ಯಾಹ್ನ ಒಂದು ಲೋಟ ಹಾಲು, ಸಂಜೆಗೆ ಹೊಟ್ಟೆ ಹಲಗೆ. ಪಿ.ಜಿ.ಯಲ್ಲಿ ಊಟ ಸೇರೋದಿಲ್ಲ ಅಂತ ರಾತ್ರಿ ದಿನಾ ಹಾಲು ಕುಡಿದು ಮಲಗುತ್ತಿದ್ದೆಯಲ್ಲ, "ಹಾಲಾದ್ರೂ ಕುಡಿ" ಅಂತ ಫೋನಿನಲ್ಲಿ ಹೇಳುತ್ತಿದ್ದವನೂ ನಾನೇ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ದೊಡ್ಡವರಾದ ಮೇಲೆ ಎಷ್ಟೋ ಜನಕ್ಕೆ ಕಡಿಮೆ ಆಗುತ್ತಂತೆ. ಅಂಥವರಲ್ಲಿ ಕೆಲವರಿಗೆ ಮೊಸರು ಆಗುತ್ತೆ, ಹಾಲು ಹುದುಗುವಾಗ ಆ ಸಕ್ಕರೆ ಕಡಿಮೆಯಾಗಿರುತ್ತೆ. ನಿನಗೆ ಆಗುತ್ತೋ ಇಲ್ಲವೋ ಮನೆಯಲ್ಲಿ ನೋಡೋಕೆ ದಿನ ಸಾಲಲಿಲ್ಲ. ಡಯೆಟಿಶಿಯನ್ ಅವರನ್ನೇ ಕೇಳು.

ಈಗ ನೋಟ್‌ಬುಕ್ ತೆಗೆ. 11ನೇ ದಿನದ ಸಾಲಿನಲ್ಲಿ ಎಳ್ಳು ಅಂತ ಇರೋದನ್ನು ಒಂದು ಗೆರೆ ಎಳೆದು ಹೊಡಿ, ಅಳಿಸಬೇಡ, ಲೆಕ್ಕದಲ್ಲಿ ಅಳಿಸೋ ಪದ್ಧತಿ ಇಲ್ಲ. ಪಕ್ಕದಲ್ಲಿ ಬರೆ: ಶೇಂಗಾ ಹಿಂಡಿ, 2 ಚಮಚ. ನಿಮ್ಮವ್ವ ಅದರಲ್ಲಿ ಚೂರು ಬೆಲ್ಲವನ್ನೂ ಹಾಕುತ್ತಾಳೆ, ಅದನ್ನೂ ಬರೆ. ಹಾಗಾಗಿ ನಿನ್ನದು 30 ಆಗಲಿಲ್ಲ, 10 ಮತ್ತು 19. ಹೊಟ್ಟೆ ಹಗುರ ಅಂತ ಬರೆದದ್ದು ಹಾಗೇ ಇರಲಿ, ಅದು ನಿಜ. ಹಾಗಾದರೆ ಶೇಂಗಾ ನಿನಗೆ ಆಗುತ್ತೆ ಅಂತ ಅರ್ಥವಾ, ಎರಡು ಚಮಚ ಅಂಥ ಲೆಕ್ಕಕ್ಕೆ ಸಾಲುತ್ತಾ, ಅದು ಅವರು ಹೇಳಬೇಕಾದ್ದು. ಮತ್ತೆ ಮೊದಲಿನಿಂದ ಶುರು ಮಾಡು ಅಂದರೆ ಬಾ, ಈ ಸಲ ಎಳ್ಳು ಎರಡು ಕಿಲೋ ತಂದಿಟ್ಟಿದ್ದೇನೆ.

ಸಿಟ್ಟು ಬಂದರೆ ಬಯ್ಯಿ. ಆದರೆ ಸುಮ್ನೆ ಇರಬೇಡ.

ನಾಳೆ ಮಿಲ್ಲಿನ ಹುಡುಗ ಹೈದರಾಬಾದಿಗೆ ಬರುತ್ತಾನೆ. ಅವನ ಕೈಯಲ್ಲಿ ಮೂವತ್ತು ಕಡಕ್ ರೊಟ್ಟಿ, ಅಗಸಿ ಹಿಂಡಿ, ಎರಡು ಕಿಲೋ ಬೇಳೆ ಕಳಿಸುತ್ತಿದ್ದೇನೆ. ಶೇಂಗಾ ಹಿಂಡಿ ಬೇರೆ ಡಬ್ಬಿಯಲ್ಲಿದೆ, ಮೇಲೆ ದೊಡ್ಡದಾಗಿ ಹೆಸರು ಬರೆದಿದ್ದೇನೆ. ಇಂಗು ಕಳಿಸಿಲ್ಲ.

ನಿಮ್ಮವ್ವ ನಿನ್ನೆ ಸುರಪುರದಿಂದ ಬಂದಳು. ಅಜ್ಜಿ ಕೋಲು ಹಿಡಿದು ನಡೆಯುತ್ತಿದ್ದಾಳೆ. ಬಂದ ಒಂದು ತಾಸಿಗೆ ಹಿತ್ತಲಿಗೆ ಹೋಗಿ ಆ ಹೊಸ ಬಾಣಲೆ ಹಿಡಿದುಕೊಂಡು ಬಂದು, "ಇದ್ಯಾವ್ದ್ರೀ?" ಅಂದಳು. ಕಿಟಕಿಗೆ ಬಣ್ಣ ಕಲಸೋಕೆ ತಂದದ್ದು ಅಂದೆ. ನಿನಗೆ ಫೋನ್ ಮಾಡಿ ಕೇಳಿದರೆ ನೀನೂ ಅದನ್ನೇ ಹೇಳು. ಕಿಟಕಿಯ ಬಣ್ಣ ನೀಲಿ.

ನಿನ್ನ ಅಪ್ಪ