ಕಪ್ಪುಕುಳಿ ಬಿಡಿ, ಜಾಯಿಂಟ್ ನೋಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಜಿನೀವಾದ ಕಣ ಡಿಕ್ಕಿ ಯಂತ್ರದ ಬಗ್ಗೆ ಒಂದು ಬರಹ ಬಂದಿತ್ತು. ಈಗಿರುವ 27 ಕಿಲೋಮೀಟರ್ ಸುತ್ತಳತೆಯ ಸುರಂಗ ಸಾಲದು, 91 ಕಿಲೋಮೀಟರಿನದ್ದು ಬೇಕು ಎಂದು ಅದನ್ನು ನಡೆಸುವ ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್ ಯೋಜನೆ ಹಾಕಿಕೊಂಡಿರುವ ಸುದ್ದಿ. ಬರಹ ಚೆನ್ನಾಗಿಯೇ ಇತ್ತು. ತಲೆಬರಹ ಕೊಟ್ಟವರು ಮಾತ್ರ ಬೇರೆಯವರಿರಬೇಕು. ‘ಭೂಮಿಯನ್ನೇ ನುಂಗೀತೇ ಈ ಯಂತ್ರ?’ ಎಂದು ದಪ್ಪಕ್ಷರದಲ್ಲಿ ಕೇಳಿ, ಒಳಗೆ ಅದಕ್ಕೆ ಒಂದು ಸಾಲಿನ ಉತ್ತರವೂ ಇಲ್ಲ. ಡಿಕ್ಕಿಯಲ್ಲಿ ಕಪ್ಪುಕುಳಿ, ಅಂದರೆ ಹತ್ತಿರ ಬಂದದ್ದನ್ನೆಲ್ಲ ನುಂಗುವ ಬ್ಲ್ಯಾಕ್ ಹೋಲ್, ಹುಟ್ಟೀತು ಎಂಬ ಹಳೆಯ ಹೆದರಿಕೆ ಅದು. ಸಂಜೆಯೊಳಗೆ ಆ ತಲೆಬರಹದ ಫೋಟೋ ನಮ್ಮೂರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು. ಬರಹ ಬರಲಿಲ್ಲ.

ನಾನು ವಿಜ್ಞಾನಿ ಅಲ್ಲ. ಮಾದಾಪುರ, ಸುಂಟಿಕೊಪ್ಪ, ಸೋಮವಾರಪೇಟೆ ಕಡೆ ಕಂಬ ಹತ್ತಿಕೊಂಡು ಬದುಕಿದ ನಿವೃತ್ತ ಲೈನ್‌ಮನ್. ಮೊಮ್ಮಗಳು ಪಿಯುಸಿಯಲ್ಲಿ ಸೈನ್ಸ್ ಓದುತ್ತಾಳೆ. ಅವಳ ಮೊಬೈಲು, ನನ್ನ ಕನ್ನಡಕ, ಇಷ್ಟೇ ನಮ್ಮ ಲೈಬ್ರರಿ. ಆದರೂ ಈ ಯಂತ್ರ ಕೊನೆಗೂ ಕರೆಂಟಿನಿಂದ ನಡೆಯುವಂಥದ್ದೇ ಅಲ್ವಾ? ಹಾಗಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಭೂಮಿ ನುಂಗುವ ಮಾತು ಬೇರೆ ಊರಿನವರಿಗೆ ತಮಾಷೆ ಇರಬಹುದು. ಕೊಡಗಿನವರಿಗೆ ಹಾಗಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡವೇ ಜಾರಿ ಬಂದದ್ದನ್ನು ಕಂಡವರು ನಾವು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಕರಿಕೆ ಭಾಗದಲ್ಲಿ ನೆಲ ನಡುಗಿತು. ಅದೇ ಹೊತ್ತಿಗೆ ಜುಲೈ 5ರಂದು ಸರ್ನ್‌ನವರು ಮೂರು ವರ್ಷಕ್ಕೂ ಮೇಲ್ಪಟ್ಟ ರಿಪೇರಿ ಮುಗಿಸಿ, ಹಿಂದೆಂದಿಗಿಂತ ಹೆಚ್ಚು ಶಕ್ತಿಯಲ್ಲಿ ಡಿಕ್ಕಿ ಶುರು ಮಾಡುವವರಿದ್ದರು. ಅಂದು ಪಾತಾಳದ ಬಾಗಿಲು ತೆರೆಯುತ್ತದೆ ಎಂಬ ಸುದ್ದಿ ಲೋಕವೆಲ್ಲ ಸುತ್ತಿತು. ನಮ್ಮಲ್ಲಿ ಯಾರೋ ಪುಣ್ಯಾತ್ಮರು ಅದಕ್ಕೆ ಚೆಂಬಿನ ನಡುಕವನ್ನೂ ಗಂಟು ಹಾಕಿ ಕಳಿಸಿದರು. ಆ ಕಡೆಯ ನೆಂಟರೊಬ್ಬರು ಫೋನ್ ಮಾಡಿ, “ಭಾವ, ಅವರು ಅಲ್ಲಿ ಒಡೆದದ್ದಕ್ಕಾ ನಮ್ಮ ಗೋಡೆ ಬಿರುಕು ಬಿಟ್ಟದ್ದು?” ಎಂದು ಕೇಳಿದರು. ಮೆಸೇಜಿನಲ್ಲೇ ಜುಲೈ 5 ಎಂದಿದೆ, ನೆಲ ನಡುಗಿದ್ದು ಅದಕ್ಕೂ ಮೊದಲು, ನೀವೇ ಕ್ಯಾಲೆಂಡರ್ ನೋಡಿ ಎಂದೆ. ಅರ್ಧ ಸಮಾಧಾನವಾಯಿತು.

ಇಂಥ ಹೆದರಿಕೆಯನ್ನು ಸುಮ್ನೆ ನಕ್ಕು ಬಿಡುವಂತಿಲ್ಲ. 2008ರ ಸೆಪ್ಟೆಂಬರ್ 10ಕ್ಕೆ ಈ ಯಂತ್ರ ಮೊದಲ ಸಲ ಚಾಲೂ ಆದಾಗ ಕೆಲವು ಟಿವಿ ಚಾನೆಲ್‌ಗಳು ದಿನವಿಡೀ ಪ್ರಳಯ ತೋರಿಸಿದವು. ಅದನ್ನು ನೋಡಿ ಹೆದರಿ ಮಧ್ಯಪ್ರದೇಶದಲ್ಲಿ ಒಬ್ಬ ಹುಡುಗಿ ಜೀವ ಕಳೆದುಕೊಂಡಳೆಂದು ಆಗ ಪತ್ರಿಕೆಗಳಲ್ಲೇ ವರದಿಯಾಗಿತ್ತು. ಕಪ್ಪುಕುಳಿಯಿಂದ ಯಾರೂ ಸಾಯಲಿಲ್ಲ. ತಲೆಬರಹ ಕೊಡುವವರು ಇದನ್ನು ದಯವಿಟ್ಟು ಗಮನದಲ್ಲಿಡಬೇಕು.

ಹಾಗಾದರೆ ಕಪ್ಪುಕುಳಿಯ ಪ್ರಶ್ನೆಗೆ ಉತ್ತರ ಏನು? ಈ ಯಂತ್ರದಲ್ಲಿ ಪ್ರೋಟಾನ್‌ಗಳು, ಅಂದರೆ ಪರಮಾಣುವಿನೊಳಗಿನ ಕಣಗಳು, ಬೆಳಕಿನ ವೇಗಕ್ಕೆ ತೀರಾ ಹತ್ತಿರ ಬಂದು, ಸೆಕೆಂಡಿಗೆ 11,000ಕ್ಕೂ ಜಾಸ್ತಿ ಸುತ್ತು ಹೊಡೆದು, ಎದುರುಬದುರು ಗುದ್ದುತ್ತವೆ. ಕೇಳಲು ಭಯಂಕರ. ಆದರೆ ಒಂದು ಡಿಕ್ಕಿಯ ಶಕ್ತಿ ಹಾರುವ ಕೆಲವು ಸೊಳ್ಳೆಗಳ ಶಕ್ತಿಯಷ್ಟೇ. ಅಷ್ಟನ್ನು ಊಹಿಸಲಾರದಷ್ಟು ಚಿಕ್ಕ ಜಾಗಕ್ಕೆ ತುರುಕುವುದೇ ವಿಶೇಷ. ಇದಕ್ಕಿಂತ ಎಷ್ಟೋ ಪಾಲು ಬಲವಾದ ಕಣಗಳು ಆಕಾಶದಿಂದ ಬಂದು ನಮ್ಮ ಗಾಳಿಗೆ ಗುದ್ದುತ್ತಲೇ ಇವೆ, ಭೂಮಿ ಹುಟ್ಟಿದಾಗಿನಿಂದ. ‘ಆಕಾಶದ ಕಣದಿಂದ ಹುಟ್ಟಿದ ಕಪ್ಪುಕುಳಿ ವೇಗವಾಗಿ ಹಾದುಹೋದೀತು, ಯಂತ್ರದಲ್ಲಿ ಹುಟ್ಟಿದ್ದು ಇಲ್ಲೇ ನಿಂತರೆ?’ ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಸರ್ನ್‌ನ ಸುರಕ್ಷತಾ ವರದಿ ಬರೆದವರೂ 2008ರಲ್ಲಿ ಅದನ್ನೇ ಕೇಳಿಕೊಂಡಿದ್ದಾರೆ. ಉರಿದು ಮುಗಿದು ಕುಗ್ಗಿದ ನ್ಯೂಟ್ರಾನ್ ನಕ್ಷತ್ರ, ಶ್ವೇತಕುಬ್ಜ ನಕ್ಷತ್ರಗಳು ಎಷ್ಟು ದಟ್ಟವೆಂದರೆ ಅಲ್ಲಿಗೆ ಬಂದದ್ದು ಹೊರಗೆ ಹೋಗುವುದಿಲ್ಲ. ಇಂಥ ಕಣಗಳಿಂದ ನುಂಗುವ ಕಪ್ಪುಕುಳಿ ಹುಟ್ಟುವಂತಿದ್ದರೆ ಆ ನಕ್ಷತ್ರಗಳು ಎಂದೋ ಮಾಯವಾಗಬೇಕಿತ್ತು. ಆಗಿಲ್ಲ. ಯಂತ್ರ ನಿಲ್ಲಿಸಿ ಎಂದು ಹವಾಯಿಯಲ್ಲಿ ಹಾಕಿದ ಕೇಸೂ ವಜಾ ಆಯಿತು. ಕೋರ್ಟಿನ ತೀರ್ಪಿಗಿಂತ ನಕ್ಷತ್ರದ ಸಾಕ್ಷಿಯೇ ನನಗೆ ಗಟ್ಟಿ ಕಂಡದ್ದು.

ಆದರೆ ಅಪಾಯವೇ ಇಲ್ಲ ಅನ್ನಬೇಡಿ. ನಿಜವಾದ ಅನಾಹುತ ಆಗಿದೆ, ಚಾಲೂ ಆದ ಒಂಬತ್ತೇ ದಿನಕ್ಕೆ. ಅದಕ್ಕೆ ಕಾರಣ ನನ್ನಂಥವನಿಗೆ ಚೆನ್ನಾಗಿ ಗೊತ್ತಿರುವ ವಸ್ತು. ಒಂದು ಕೆಟ್ಟ ಜಾಯಿಂಟ್.

ಕೊಡಗಿನ ಮಳೆಗಾಲದಲ್ಲಿ ರಾತ್ರಿ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ನಿಂತು ಮೇಲೆ ನೋಡಿದರೆ ಲೂಸ್ ಜಂಪರ್, ಅಂದರೆ ಸಡಿಲಾದ ಜೋಡಣೆ ತಂತಿ, ಯಾವುದೆಂದು ಹೇಳಬಹುದು. ಚಿರ್ರ್ ಎಂದು ಸದ್ದು, ನೀಲಿ ಕಿಡಿ. ಹಗಲಲ್ಲಿ ಲೋಡ್ ಕಡಿಮೆ ಇದ್ದಾಗ ಅದೇ ಜಾಯಿಂಟ್ ತಣ್ಣಗೆ, ಸಾಧುವಾಗಿ ಇರುತ್ತದೆ. ಸಂಜೆ ಎಲ್ಲರ ಮನೆಯ ಲೈಟು ಹತ್ತಿ ಲೋಡ್ ಏರಿತೋ, ಕೆಂಪಗಾಗುತ್ತದೆ. ಸರ್ನ್‌ನಲ್ಲಿ ಆದದ್ದೂ ಇದೇ ಕಥೆ. ಕಣಗಳನ್ನು ಸುತ್ತು ತಿರುಗಿಸುವ ಅಲ್ಲಿನ ಮ್ಯಾಗ್ನೆಟ್‌ಗಳನ್ನು ದ್ರವ ಹೀಲಿಯಂನಲ್ಲಿ ಮೈನಸ್ 271 ಡಿಗ್ರಿಗೆ ತಣಿಸಿರುತ್ತಾರೆ. ಆಗ ಕರೆಂಟಿಗೆ ತಡೆಯೇ ಇಲ್ಲ. ಸೆಪ್ಟೆಂಬರ್ 19ರಂದು ಕರೆಂಟ್ ಏರಿಸುತ್ತಾ 8,000 ಆಂಪಿಯರ್ ದಾಟಿದಾಗ ಎರಡು ಮ್ಯಾಗ್ನೆಟ್ ನಡುವಿನ ಒಂದು ಜಾಯಿಂಟ್ ಬಿಸಿಯಾಯಿತು. ಆರ್ಕ್, ಅಂದರೆ ದೊಡ್ಡ ಕಿಡಿ, ಎದ್ದು ಹೀಲಿಯಂ ಕೊಳವೆ ತೂತಾಯಿತು. ಟನ್‌ಗಟ್ಟಲೆ ಹೀಲಿಯಂ ನುಗ್ಗಿದ ರಭಸಕ್ಕೆ 30 ಟನ್ ಮೀರಿದ ಮ್ಯಾಗ್ನೆಟ್‌ಗಳು ಜಾಗ ಬಿಟ್ಟು ಕದಲಿದವು. ಸುರಂಗದಲ್ಲಿ ಯಾರೂ ಇರಲಿಲ್ಲ, ಪುಣ್ಯ. 53 ಮ್ಯಾಗ್ನೆಟ್ ಮೇಲೆತ್ತಿ ಸರಿ ಮಾಡಬೇಕಾಯಿತು. ಯಂತ್ರ ಮತ್ತೆ ತಿರುಗಿದ್ದು 2009ರ ನವೆಂಬರಿನಲ್ಲಿ. ಆಮೇಲೆ 2013ರಿಂದ ಎರಡು ವರ್ಷ ಯಂತ್ರ ನಿಲ್ಲಿಸಿ 10,000ಕ್ಕೂ ಜಾಸ್ತಿ ಜಾಯಿಂಟ್‌ಗಳನ್ನು ಬಿಚ್ಚಿ ನೋಡಿ ಭದ್ರ ಮಾಡಿದರು. ಇದನ್ನು ಓದಿದಾಗ ನನಗೆ ಆ ಜನರ ಮೇಲೆ ಮರ್ಯಾದೆ ಬಂತು. ಜಾಯಿಂಟ್ ಬಿಚ್ಚಿ ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಇನ್ನೊಂದು ಹೇಳಲೇಬೇಕು. 2016ರ ಏಪ್ರಿಲ್‌ನಲ್ಲಿ ಮುಂಗುಸಿ ಜಾತಿಯದ್ದೇನೋ ಅನ್ನಿಸುವ ಒಂದು ಕಾಡುಪ್ರಾಣಿ 66 ಕೆವಿ ಟ್ರಾನ್ಸ್‌ಫಾರ್ಮರ್‌ಗೆ ಬಾಯಿ ಹಾಕಿ, ತಾನೂ ಸತ್ತು ಯಂತ್ರವನ್ನೂ ಮಲಗಿಸಿತು. ಕೆಂಜಳಿಲು, ಮಂಗಗಳ ಕಾಟದಲ್ಲಿ ಲೈನ್ ಕಾದ ನಮಗೆ ಇದು ಹೊಸದೇ?

ಈಗ ಲಾಭದ ಮಾತು. 2012ರ ಜುಲೈ 4ರಂದು ಹಿಗ್ಸ್ ಕಣ ಸಿಕ್ಕಿತೆಂದು ಘೋಷಿಸಿದರು, ಮರುವರ್ಷ ಪೀಟರ್ ಹಿಗ್ಸ್ ಮತ್ತು ಫ್ರಾನ್ಸ್ವಾ ಎಂಗ್ಲರ್ ಅವರಿಗೆ ನೊಬೆಲ್ ಬಂತು. ವಸ್ತುವಿನ ಮೂಲಕಣಗಳಿಗೆ ತೂಕ ಎಲ್ಲಿಂದ ಬಂತು ಎಂಬ ಹಳೆಯ ಪ್ರಶ್ನೆಗೆ ಅದು ಉತ್ತರ. ಅದರಾಚೆ, ಸಿಗುತ್ತದೆಂದು ಹೇಳಿದ್ದ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ ವಸ್ತು) ಕಣ ಇನ್ನೂ ಸಿಕ್ಕಿಲ್ಲ. ಇದನ್ನೂ ನಿಮ್ಮ ಬರಹ ಹೇಳಬೇಕಿತ್ತು. ನನ್ನ ಹೆಂಡತಿಗೆ ಮೈಸೂರಿನಲ್ಲಿ ರೇಡಿಯೇಷನ್ ಕೊಡಿಸುವಾಗ ಬಾಗಿಲ ಮೇಲೆ ‘ಲೀನಿಯರ್ ಆಕ್ಸಿಲರೇಟರ್’ ಎಂಬ ಬೋರ್ಡ್ ನೋಡಿದ್ದೆ. ಅದೂ ಕಣಗಳನ್ನು ಓಡಿಸಿ ಗುದ್ದಿಸುವ ಯಂತ್ರವೇ. ಎಲೆಕ್ಟ್ರಾನ್‌ಗಳು ಲೋಹಕ್ಕೆ ಬಡಿದು ಎಕ್ಸ್‌ರೇ ಹೊರಡುತ್ತದೆ, ಅದರಿಂದ ಚಿಕಿತ್ಸೆ. ಆದರೆ ಅದು ಜಿನೀವಾದ ಈ ಸುರಂಗದಿಂದ ಬಂದದ್ದಲ್ಲ, ಅದಕ್ಕಿಂತ ಹಳೆಯದು. ಲಾಭದ ಪಟ್ಟಿ ಉದ್ದ ಮಾಡಲು ಅದನ್ನೂ ಸೇರಿಸುವವರನ್ನು ಕಂಡು ಹೇಳುತ್ತಿದ್ದೇನೆ. ವರ್ಲ್ಡ್ ವೈಡ್ ವೆಬ್ ಮಾತ್ರ ಸರ್ನ್‌ನಲ್ಲೇ ಹುಟ್ಟಿದ್ದು, 1989ರಲ್ಲಿ. ಹೆದರಿಸುವ ಮೆಸೇಜ್ ಕಳಿಸುವವರೂ ಸಮಾಚಾರ ಹುಡುಕುವುದು ಅದರಲ್ಲೇ.

ನಮ್ಮ ದೇಶದ ಪಾಲೂ ಇದೆ. ಆ ಭಾರದ ಮ್ಯಾಗ್ನೆಟ್‌ಗಳನ್ನು ಕೂದಲೆಳೆಯಷ್ಟೂ ತಪ್ಪದ ಹಾಗೆ ಕೂರಿಸುವ ಜ್ಯಾಕ್‌ಗಳು ಹೋದದ್ದು ಭಾರತದಿಂದ. ವಿನ್ಯಾಸ ಇಂದೋರಿನ ರಾಜಾರಾಮಣ್ಣ ಕೇಂದ್ರದ್ದು. 2017ರಿಂದ ಭಾರತ ಸರ್ನ್‌ನ ಸಹ ಸದಸ್ಯ. ಅಂದರೆ ನಮ್ಮ ದುಡ್ಡೂ ಅಲ್ಲಿದೆ, ಪ್ರಶ್ನೆ ಕೇಳಬಹುದು.

ಏನು ಕೇಳಬೇಕು? ಹೊಸ ಯಂತ್ರಕ್ಕೆ ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್ ಅಂದಾಜು ಮಾಡಿದ್ದಾರೆ. ಕಟ್ಟುವುದೋ ಬೇಡವೋ ಎಂಬ ತೀರ್ಮಾನ 2028ರ ಸುಮಾರಿಗೆ. ಈಗಿನ ಯಂತ್ರ ಓಡುವ ವರ್ಷದಲ್ಲಿ ಸರ್ನ್ ಸುಮಾರು 130 ಕೋಟಿ ಯೂನಿಟ್ ಕರೆಂಟ್ ಉರಿಸುತ್ತದೆ. 2022ರಲ್ಲಿ ಯುರೋಪಿನಲ್ಲಿ ಕರೆಂಟಿನ ಅಭಾವ ಬಂದಾಗ ಎರಡು ವಾರ ಮೊದಲೇ ಯಂತ್ರ ನಿಲ್ಲಿಸಿದರು. ಇಂಥ ಲೆಕ್ಕ ಕೇಳುವುದು ವಿಜ್ಞಾನದ ವಿರೋಧ ಅಲ್ಲ. ನಮ್ಮ ನೆರೆಯ ನೀಲಗಿರಿಯ ಸಿಂಗಾರದಲ್ಲಿ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣದ ಪ್ರಯೋಗಾಲಯ ಕಟ್ಟಬೇಕೆಂದಿದ್ದರು. ಅಲ್ಲಿ ಆನೆಗಳ ದಾರಿ, ಪಕ್ಕದಲ್ಲಿ ಮುದುಮಲೈ. 2009ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಆ ಜಾಗಕ್ಕೆ ಒಪ್ಪಿಗೆ ಕೊಡಲಿಲ್ಲ. ನ್ಯೂಟ್ರಿನೊ ಯಾರಿಗೂ ಏನೂ ಮಾಡುವುದಿಲ್ಲ, ಈಗಲೂ ನನ್ನ ಈ ಕೈಯೊಳಗೆ ಹಾದುಹೋಗುತ್ತಿವೆ. ತೊಂದರೆ ಇದ್ದದ್ದು ಲಾರಿ, ಡೈನಮೈಟ್, ರಸ್ತೆಯಿಂದ. ಮೈಸೂರು–ಕೋಯಿಕ್ಕೋಡ್ 400 ಕೆವಿ ಲೈನ್‌ಗೆ ನಮ್ಮಲ್ಲಿ ಮರ ಕಡಿದಾಗ ಜನ ಬೀದಿಗಿಳಿದದ್ದೂ ಕರೆಂಟಿಗೆ ಹೆದರಿ ಅಲ್ಲ.

ಈ ವಿಷಯದ ಬಗ್ಗೆ ನೀವು ಮತ್ತೆ ಬರೆಸುತ್ತೀರಿ ಎಂದುಕೊಂಡಿದ್ದೇನೆ. ಬರೆಯುವವರಿಗೆ ನನ್ನದೊಂದು ಪ್ರಶ್ನೆ ತಲುಪಿಸಿ: 91 ಕಿಲೋಮೀಟರ್ ಸುರಂಗ ಕೊರೆದರೆ ಬರುವ ಅಷ್ಟೂ ಮಣ್ಣು, ಕಲ್ಲನ್ನು ಎಲ್ಲಿ ಸುರಿಯುತ್ತಾರೆ?

ಇಂತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಲೈನ್‌ಮನ್
ಮಾದಾಪುರ, ಕೊಡಗು