ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ: 2017ರಲ್ಲಿ ಕೈಬಿಟ್ಟ ಖಾಸಗಿ ಆಸ್ಪತ್ರೆ ದರದ ಮಿತಿಯನ್ನು ವಾಪಸ್ ತನ್ನಿ

ಮಾನ್ಯ ಶಾಸಕರೇ,

ನಮಸ್ಕಾರ. ಮೊನ್ನೆ ನಮ್ಮ ಅಪ್ಪನ ವರ್ಷದ ತಿಥಿ ಮಾಡಿದೆವು. ಅವರ ಆಸ್ಪತ್ರೆ ಬಿಲ್ಲಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಒಂದು ವರ್ಷ ಸುಮ್ಮನಿದ್ದೆ, ಇನ್ನು ಆಗುವುದಿಲ್ಲ.

ಖಾಸಗಿ ಆಸ್ಪತ್ರೆಗಳಿಗೆ ನಿಯಮ ಹಾಕುವ ರಾಜ್ಯದ ಕೆಪಿಎಂಇ ಕಾಯ್ದೆ ನಿಮಗೆ ಗೊತ್ತೇ ಇರುತ್ತದೆ. ರೋಗಿ ತೀರಿಕೊಂಡರೆ ಬಾಕಿ ಹಣಕ್ಕಾಗಿ ಹೆಣ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಎಂದು ಅದರಲ್ಲಿರುವುದೂ ಗೊತ್ತಿರುತ್ತದೆ. ನಮಗೆ ಆ ದಿನ ಗೊತ್ತಿರಲಿಲ್ಲ.

ಅಪ್ಪ ಹೊಲದಿಂದ ಬಂದವರು ಜಗಲಿಯ ಮೇಲೆ ಕುಸಿದುಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಸರ್ಕಾರಿ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಖಾಲಿ ಇಲ್ಲ ಎಂದರು. ರಾತ್ರಿ ಹನ್ನೊಂದಕ್ಕೆ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಸರ್ಕಾರದ ಯೋಜನೆ ನಮ್ಮಲ್ಲಿ ನಡೆಯಲ್ಲ, ಎರಡು ಲಕ್ಷ ಆಗಬಹುದು ಎಂದರು. ಒಪ್ಪಿಕೊಂಡೆವು. ಆ ಹೊತ್ತಿನಲ್ಲಿ ಯಾರು ತಾನೇ ಚೌಕಾಸಿ ಮಾಡುತ್ತಾರೆ?

ಒಂಬತ್ತು ದಿನ ಐಸಿಯು. ಹತ್ತನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ಅಪ್ಪ ಹೋದರು. ಬಿಲ್ಲು 5,62,000 ರೂಪಾಯಿ. ಅಷ್ಟರಲ್ಲಿ ಮೂರು ಲಕ್ಷ ಕಟ್ಟಿಯಾಗಿತ್ತು. ಉಳಿದದ್ದು ಕಟ್ಟಿ, ಆಮೇಲೆ ಬಾಡಿ ತಗೊಳ್ಳಿ ಎಂದರು. ಊರಿನಲ್ಲಿ ನೆಂಟರೆಲ್ಲ ಬಂದು ಕೂತಿದ್ದರು. ಚಟ್ಟ ಕಟ್ಟಿ ಆಗಿತ್ತು. ಅಮ್ಮ ಗಳಿಗೆಗೊಮ್ಮೆ ಫೋನ್ ಮಾಡಿ 'ಹೊರಟ್ರೇನಪ್ಪಾ?' ಎಂದು ಕೇಳುತ್ತಿದ್ದರು. ನಾನು ಡಾಕ್ಟರು ಸಹಿ ಹಾಕಬೇಕಂತೆ ಎಂದು ಸುಳ್ಳು ಹೇಳುತ್ತಿದ್ದೆ. ನನ್ನ ತಮ್ಮ ತನ್ನ ಹೆಂಡತಿಯ ಒಡವೆ ಅಡವಿಟ್ಟು ಬಂದ. ಮಧ್ಯಾಹ್ನ ಎರಡೂವರೆಗೆ ಅಪ್ಪನನ್ನು ಕೊಟ್ಟರು. ಹತ್ತೂವರೆ ಗಂಟೆ, ಸ್ವಾಮಿ!

ಡಿಸಿ ಕಚೇರಿಗೆ ದೂರು ಕೊಟ್ಟು ಹತ್ತು ತಿಂಗಳಾಯಿತು. ಒಂದು ಸಲವೂ ಕರೆದಿಲ್ಲ.

ಅಲ್ಲಿಗೆ ಓಡಾಡುವಾಗಲೇ ಈ ಕಾಯ್ದೆಯ ಕಥೆ ತಿಳಿದದ್ದು. 2017ರ ಜೂನ್‌ನಲ್ಲಿ ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಅವರು ತಂದ ತಿದ್ದುಪಡಿಯಲ್ಲಿ ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ನಿಗದಿ ಮಾಡಬೇಕು ಎಂದಿತ್ತು. ಅದಕ್ಕಿಂತ ಹೆಚ್ಚು ವಸೂಲಿ ಮಾಡಿದವರಿಗೆ ಜೈಲೂ ಇತ್ತು. ಮಸೂದೆ ಜಂಟಿ ಸಮಿತಿಗೆ ಹೋಯಿತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಮಾಡಿದರು. ಹೊರರೋಗಿ ವಿಭಾಗಗಳು ಮುಚ್ಚಿದವು. ಚುನಾವಣೆಗೆ ಆರೇ ತಿಂಗಳಿತ್ತು. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಪಾಸಾಯಿತು. ಆದರೆ ಆ ಜೈಲು ಶಿಕ್ಷೆಯನ್ನು ಕೈಬಿಟ್ಟಿದ್ದರು. ದರದ ಮಿತಿ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳಿಯಿತು. ಅದೇ ಮಂಚ, ಅದೇ ಡಾಕ್ಟರು. ಯೋಜನೆಯಲ್ಲಿ ಬಂದವರಿಗೆ ಒಂದು ಲೆಕ್ಕ ಇದೆ. ಕೈಯಿಂದ ಕೊಡುವವರಿಗೆ ಲೆಕ್ಕವೇ ಇಲ್ಲ.

ಡಾಕ್ಟರುಗಳ ಭಯವೆಲ್ಲ ಸುಳ್ಳು ಎನ್ನುವುದಿಲ್ಲ. ನಮ್ಮೂರಿನ ಸಣ್ಣ ಕ್ಲಿನಿಕ್ಕಿನ ಡಾಕ್ಟರು ದೇವರಂಥವರು, ಅವರೂ ಆಗ ಹೆದರಿದ್ದರು. ಆದರೆ ಮಿತಿ ತೆಗೆದದ್ದರಿಂದ ಲಾಭ ಆದದ್ದು ಅವರಿಗಲ್ಲ. ಸದನದ ಎರಡೂ ಕಡೆ ಆಸ್ಪತ್ರೆ, ಮೆಡಿಕಲ್ ಕಾಲೇಜು ನಡೆಸುವವರು ಇದ್ದಾರಲ್ವಾ? ಅಂಥವರು ಆಸ್ಪತ್ರೆಯ ದರದ ಬಗ್ಗೆ ಮತ ಹಾಕುವುದು ಸರಿಯಾ, ನೀವೇ ಹೇಳಿ.

ದರ ನಿಗದಿ ಮಾಡಲು ಆಗುವುದೇ ಇಲ್ಲ ಎನ್ನಬೇಡಿ. 2020ರ ಜೂನ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಕೋವಿಡ್ ರೋಗಿಗಳಿಗೆ ಸರ್ಕಾರವೇ ದರ ನಿಗದಿ ಮಾಡಿತ್ತು. ಕೈಯಿಂದ ಕೊಡುವವರಿಗೂ ವೆಂಟಿಲೇಟರ್ ಇರುವ ಐಸಿಯುಗೆ ದಿನಕ್ಕೆ 25,000 ರೂಪಾಯಿ ಮೀರಬಾರದು ಎಂದಿತ್ತು. ಅವತ್ತು ಆಗಿದ್ದು ಇವತ್ತು ಯಾಕೆ ಆಗುವುದಿಲ್ಲ?

ಆ ಮಿತಿ ವಾಪಸ್ ತನ್ನಿ. ಎಲ್ಲಾ ರೋಗಿಗಳಿಗೂ ತನ್ನಿ. ಹೆಣ ತಡೆದವರಿಗೆ ಶಿಕ್ಷೆ ಆಗುವ ಹಾಗೆ ಮಾಡಿ. ನಮ್ಮಂಥವರ ದೂರನ್ನು ಇಷ್ಟು ದಿನದೊಳಗೆ ಕೇಳಲೇಬೇಕು ಎಂದು ಕಾಯ್ದೆಯಲ್ಲೇ ಬರೆಯಿರಿ. ಮತ್ತೆ ಹೇಳುತ್ತೇನೆ, ದರದ ಮಿತಿ ವಾಪಸ್ ತನ್ನಿ.

ವೋಟು ಕೇಳಲು ಬಂದಾಗ ನೀವು ನಮ್ಮ ಜಗಲಿಯ ಮೇಲೆ ಅಪ್ಪನ ಪಕ್ಕ ಕೂತು ಮಜ್ಜಿಗೆ ಕುಡಿದಿರಿ. ಏನಾದರೂ ಇದ್ದರೆ ಹೇಳಿ ಯಜಮಾನ್ರೇ ಎಂದಿದ್ದಿರಿ. ಅವರ ಬದಲು ನಾನು ಹೇಳುತ್ತಿದ್ದೇನೆ. ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತುತ್ತೀರಾ, ಇಲ್ಲವಾ? ಬರೆದು ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ